ಬೆನ್ನೇರಿ ಬಂದ ತೋಟ

ಕೊಲಂಬಿಯಾದ ಮೆಡೆಯಿನ್ ನಗರದಲ್ಲಿ ಪ್ಲಾಸಿತಾ ದೆ ಫ್ಲೋರೆಸ್ ಎಂಬ ಹಳೆಯ ಮಾರುಕಟ್ಟೆಯಿದೆ. ಸಾಂತಾ ಎಲೇನಾಕ್ಕೆ ಹೋಗುವ ಬಸ್ಸು ಸಿಗುವುದು ಅದರ ಪಕ್ಕದಲ್ಲೇ. ಹೊರಟು ಸ್ವಲ್ಪ ಹೊತ್ತಿಗೇ ಏರು ಶುರು; ಆಮೇಲೆ ಊರು ಸಿಗುವವರೆಗೂ ಏರುತ್ತಲೇ ಇರಬೇಕು. ಬೆಟ್ಟದ ಮೈಗೆ ಅಂಟಿಕೊಂಡ ಇಟ್ಟಿಗೆ ಮನೆಗಳು ಒಂದೊಂದು ತಿರುವಿಗೂ ಕೆಳಗಾಗುತ್ತ ಹೋಗಿ, ಕೊನೆಗೆ ಅಬುರ್ರಾ ಕಣಿವೆಯ ತುಂಬ ಹರಡಿಕೊಂಡ ಇಡೀ ನಗರ ಕಣ್ಣಿಗೆ ಬೀಳುತ್ತದೆ. ಮೆಡೆಯಿನ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ಸಾಂತಾ ಎಲೇನಾ ಅದಕ್ಕಿಂತ ಇನ್ನೂ ಸಾವಿರ ಮೀಟರ್ ಮೇಲೆ. ಕೆಳಗೆ ಅಂಗಿಯ ತೋಳು ಮಡಚಿ ಬಸ್ಸು ಹತ್ತಿದವರು ಮೇಲೆ ಇಳಿಯುವಾಗ ಸ್ವೆಟರ್ ಹುಡುಕುತ್ತಿದ್ದರು. ಮಂಜು ರಸ್ತೆಗೇ ಬಂದು ನಿಂತಿತ್ತು.

ನಾನು ಹೋದದ್ದು ಆಗಸ್ಟ್ ತಿಂಗಳ ‘ಫೇರಿಯಾ ದೆ ಲಾಸ್ ಫ್ಲೋರೆಸ್’ಗೆ, ಅಂದರೆ ಆ ನಗರದ ಹೂವಿನ ಜಾತ್ರೆಗೆ. ಹತ್ತು ದಿನಗಳ ಆಸುಪಾಸು ನಡೆಯುವ ಈ ಸಂಭ್ರಮದಲ್ಲಿ ನೋಡುವುದಕ್ಕೆ ಏನಿಲ್ಲ! ಹಳೆಯ ಕಾರುಗಳ ಸವಾರಿ ಇದೆ, ನಿಂತಲ್ಲೇ ಪದ ಕಟ್ಟಿ ಒಬ್ಬರನ್ನೊಬ್ಬರು ಕೆಣಕುವ ‘ತ್ರೋವಾ’ ಹಾಡುಗಾರರ ಸ್ಪರ್ಧೆ ಇದೆ, ಚೌಕ ಚೌಕದಲ್ಲೂ ಸಂಗೀತದ ವೇದಿಕೆಗಳಿವೆ. ಆದರೆ ಊರಿನವರು ಯಾರನ್ನೇ ಕೇಳಿ, ಅವರ ಬೆರಳು ಬೆಟ್ಟದ ಕಡೆಗೆ ಹೋಗುತ್ತದೆ. ಹೂ ಹೊತ್ತು ಇಳಿಯುವ ಸಿಯೆತೆರೊಗಳೇ ಜಾತ್ರೆಯ ಜೀವ. ಮೆರವಣಿಗೆಯ ಹಿಂದಿನ ರಾತ್ರಿಯನ್ನು ಅವರ ಅಂಗಳದಲ್ಲಿ ಕಳೆಯದೆ ಮೆರವಣಿಗೆಯನ್ನು ನೋಡಬೇಡಿ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ.

ಈ ದಾರಿಗೆ ಬಸ್ಸು ಬರುವ ಮುಂಚೆ ಇಲ್ಲಿದ್ದದ್ದು ಕಾಲ್ದಾರಿ. ಹೂವು, ಸೊಪ್ಪು, ತರಕಾರಿ, ಔಷಧದ ಗಿಡ, ಬೆಳೆದದ್ದನ್ನೆಲ್ಲ ಮರದ ಚೌಕಟ್ಟಿಗೆ ಕಟ್ಟಿ, ಬೆನ್ನಿಗೇರಿಸಿ, ನಸುಕಿಗೆ ಮೊದಲೇ ಹೊರಟು ಸಾಂತಾ ಎಲೇನಾದ ರೈತರು ನಗರದ ಸಂತೆಗೆ ಇಳಿಯುತ್ತಿದ್ದರು. ಆ ಚೌಕಟ್ಟೇ ಸಿಯೆತಾ, ಹೊರುವವರು ಸಿಯೆತೆರೊ. ಅದರ ಹಿಂದಿನ ಕಥೆ ಇನ್ನೂ ಕಠಿಣವಾದದ್ದು. ಸ್ಪ್ಯಾನಿಷರ ಆಳ್ವಿಕೆಯಲ್ಲಿ ಆಂಡಿಸ್ ಪರ್ವತದ ಕಣಿವೆದಾರಿಗಳಲ್ಲಿ ಇಂಥದೇ ಪೀಠಗಳನ್ನು ಬೆನ್ನಿಗೆ ಕಟ್ಟಿಕೊಂಡು ಆಳುಗಳು ಮನುಷ್ಯರನ್ನೇ ಹೊರುತ್ತಿದ್ದರು. 1801ರಲ್ಲಿ ಕಿಂದಿಯೋ ದಾರಿಯನ್ನು ದಾಟಿದ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಇನ್ನೊಬ್ಬ ಮನುಷ್ಯನ ಬೆನ್ನೇರಲು ಒಪ್ಪದೆ ಕೆಸರು ತುಳಿದು ನಡೆದೇ ಹೋದ. ಮನುಷ್ಯರನ್ನು ಹೊತ್ತ ಅದೇ ಬಗೆಯ ಚೌಕಟ್ಟು ಈ ಬೆಟ್ಟದಲ್ಲಿ ಹೂವಿಗೆ ಒದಗಿತು. ನಾಳೆ ನಗರ ತನ್ನ ದೊಡ್ಡ ರಸ್ತೆಯನ್ನು ಬಿಟ್ಟುಕೊಟ್ಟು ಕೈಮುಗಿಯುವುದು ಆ ಹೊರೆಗೆ, ಹೊತ್ತವರಿಗೆ. ನಾನು ಕಂಡ ಬೇರೆ ಮೆರವಣಿಗೆಗಳಲ್ಲಿ ದೊಡ್ಡವರು ಮೇಲೆ ಕೂತಿರುತ್ತಾರೆ, ಹೊರುವವರು ಕೆಳಗೆ ಮರೆಯಾಗಿರುತ್ತಾರೆ. ಇಲ್ಲಿ ಹೊರುವವರೇ ದೊಡ್ಡವರು ಎಂಬುದು ತಿಳಿದಾಗಲೇ ನನಗೆ ಮೈ ನವಿರೆದ್ದಿತ್ತು.

ನಾನು ಉಳಿದ ಮನೆಯದು ಮೂರು ತಲೆಮಾರಿನ ಸಂಸಾರ. ಅಜ್ಜಿ, ಆಕೆಯ ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ನನ್ನ ಜೊತೆಗೆ ಬಂದಿದ್ದ ಕಾಲೇಜು ಹುಡುಗಿ ಸ್ಪ್ಯಾನಿಷನ್ನು ನನಗೆ ದಾಟಿಸುತ್ತಿದ್ದಳು. ಅಂಗಳಕ್ಕೆ ಕಾಲಿಡುತ್ತಲೇ ಕೈಗೆ ಬಂದದ್ದು ಒಂದು ಬಟ್ಟಲು ಬಿಸಿ ಬೆಲ್ಲದ ನೀರು, ಪಕ್ಕದಲ್ಲಿ ಒಂದು ತುಂಡು ಬಿಳಿ ಗಿಣ್ಣು. ಅಗ್ವಾಪನೇಲಾ ಅನ್ನುತ್ತಾರೆ ಆ ನೀರಿಗೆ; ಪನೇಲಾ ಅಂದರೆ ಕಬ್ಬಿನ ಹಾಲು ಕಾಯಿಸಿ ಅಚ್ಚು ಹೊಯ್ದ ಬೆಲ್ಲವೇ. ದಣಿದು ಬಂದವರಿಗೆ ಬೆಲ್ಲ ನೀರು ಕೊಟ್ಟು ಆಮೇಲೆ ಮಾತಾಡಿಸುವ ನಮ್ಮ ಹಳ್ಳಿಯ ಜಗಲಿಗಳು ಅರ್ಧ ಭೂಮಿ ದಾಟಿ ಬಂದ ಹಾಗಾಯಿತು.

ಅಂಗಳದ ತುಂಬ ಬಕೀಟುಗಳು, ಬಕೀಟುಗಳ ತುಂಬ ಹೂವು. ನೀಲಿ ಅಗಪಾಂಥಸ್, ಕೆಂಪು ಗ್ಲಾಡಿಯೋಲಸ್, ಸೂರ್ಯಕಾಂತಿ, ಕಾರ್ನೇಷನ್, ಬಗೆಬಗೆಯ ಸೇವಂತಿಗೆ, ತಲೆ ಬಾಗಿಸಿದ ಹೈಡ್ರೇಂಜಿಯಾ, ಡೇಲಿಯಾ, ಲಿಲ್ಲಿ. ಈ ಹೂಗಳ ತವರು ನೆನೆದರೆ ಬೆರಗಾಗುತ್ತದೆ. ಅಗಪಾಂಥಸ್ ದಕ್ಷಿಣ ಆಫ್ರಿಕಾದ್ದು. ಸೇವಂತಿಗೆ ಚೀನಾ ಕಡೆಯದು, ಹೈಡ್ರೇಂಜಿಯಾ ಜಪಾನಿನದು, ಕಾರ್ನೇಷನ್ ಮೆಡಿಟರೇನಿಯನ್ ಸೀಮೆಯದು. ಡೇಲಿಯಾ ಮಾತ್ರ ಹತ್ತಿರದ ಮೆಕ್ಸಿಕೊದ್ದು. ನಾವು ಆಯುಧಪೂಜೆಗೆ ಗಾಡಿಗೂ ಯಂತ್ರಕ್ಕೂ ಮಾಲೆ ಹಾಕುವ ಚೆಂಡುಹೂವೂ ಅದೇ ಮೆಕ್ಸಿಕೊದಿಂದ ಹಡಗೇರಿ ಬಂದದ್ದೇ. ನಾಲ್ಕು ಖಂಡಗಳ ಹೂವು ಒಬ್ಬ ರೈತ ಹೆಂಗಸಿನ ಒಂದೇ ಬೆನ್ನಿನ ಮೇಲೆ ನಾಳೆ ಕೂಡಲಿತ್ತು.

ರಾತ್ರಿಯೆಲ್ಲ ಕೆಲಸ. ಒಂದೇ ಅಂಗಳದಲ್ಲಿ ಮೂರು ಬಗೆಯ ಸಿಯೆತಾಗಳು ಏಳುತ್ತಿದ್ದವು. ದೊಡ್ಡ ಮಗನದು ‘ಮೊನುಮೆಂತಾಲ್’. ಗ್ಲಾಡಿಯೋಲಸ್ಸಿನ ಉದ್ದ ಕಡ್ಡಿಗಳನ್ನು ಬೀಸಣಿಗೆ ಬಿಚ್ಚಿದಂತೆ ಸುತ್ತಲೂ ಚುಚ್ಚಿ, ಒಳಗೆ ಸುತ್ತು ಸುತ್ತಾಗಿ ಬಣ್ಣ ತುಂಬುತ್ತ ಬರುತ್ತಾರೆ. ಮುಗಿದಾಗ ಅದು ಆಳಿಗಿಂತ ಎತ್ತರ, ಚಾಚಿದ ತೋಳುಗಳಿಗಿಂತ ಅಗಲ. ಇಂಥವು 70 ಕಿಲೋ ದಾಟುವುದುಂಟು. ಚಿಕ್ಕ ಮಗನದು ‘ಎಂಬ್ಲೆಮಾತಿಕಾ’. ಹಲಗೆಯ ಮೇಲೆ ಚಿತ್ರ ಬರೆದುಕೊಂಡು, ಹೂವಿನ ತಲೆಗಳನ್ನು ಮಾತ್ರ ಚಿವುಟಿ, ಒಂದೊಂದನ್ನೇ ಅಂಟಿಸಿ, ಅಕ್ಷರವೂ ಆಕೃತಿಯೂ ಮೂಡುವಂತೆ ಮಾಡುವುದು. ಅವನು ಕೂಡಿಸುತ್ತಿದ್ದದ್ದು ನೀರಿನ ಬಗ್ಗೆ ಒಂದು ಮಾತು. ಅವನ ಮಕ್ಕಳು ಬಣ್ಣ ಬಣ್ಣದ ಹೂಗಳನ್ನು ಬೇರೆ ಬೇರೆ ತಟ್ಟೆಗೆ ಹಾಕಿ ಕೊಡುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮೂಲೆಯಲ್ಲಿ ರೇಡಿಯೋ ಹಾಡುತ್ತಿತ್ತು. ನೋಡಲು ಬಂದ ಊರವರು ಹೊದ್ದುಕೊಂಡು ಸುತ್ತ ನಿಂತಿದ್ದರು.

ಅಜ್ಜಿಯದು ‘ತ್ರಾದಿಸಿಯೊನಾಲ್’. ಅದರಲ್ಲಿ ಚಿತ್ರವಿಲ್ಲ, ಬರಹವಿಲ್ಲ. ತೋಟದಲ್ಲಿ ಬೆಳೆದ ಹೂವನ್ನು ಕಟ್ಟು ಕಟ್ಟಾಗಿ ಮಾಡಿ, ಸಂತೆಗೆ ಒಯ್ಯುವ ಕ್ರಮದಲ್ಲೇ ಚೌಕಟ್ಟಿನೊಳಗೆ ಜೋಡಿಸುವುದು, ಅಷ್ಟೇ. ಆದರೆ ಆ ಕೈಗಳನ್ನು ನೋಡಬೇಕಿತ್ತು. ಒಂದು ಕಡ್ಡಿ ಎತ್ತಿಕೊಂಡು, ತಿರುಗಿಸಿ ನೋಡಿ, ಎಲೆ ಸವರಿ, ಅದರ ಜಾಗಕ್ಕೆ ಇಟ್ಟರೆ ಆಮೇಲೆ ಕದಲಿಸುವ ಪ್ರಶ್ನೆಯೇ ಇಲ್ಲ. ಮೊನುಮೆಂತಾಲ್ ಎದುರು ಜನ ಬಾಯಿ ಬಿಟ್ಟು ನಿಲ್ಲುತ್ತಾರೆ, ಫೋಟೊ ತೆಗೆಯುತ್ತಾರೆ, ನಾನೂ ನಿಂತೆ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋಗಿ ಕೂತದ್ದು ಅಜ್ಜಿಯ ಕಟ್ಟುಗಳ ಮೇಲೆ. ಉಳಿದವು ಹಬ್ಬಕ್ಕಾಗಿ ಹುಟ್ಟಿದವು. ಇದು ಹಬ್ಬಕ್ಕೂ ಮೊದಲೇ ಇದ್ದದ್ದು.

ಹಬ್ಬ ಶುರುವಾದದ್ದು 1957ರ ಮೇ 1ರಂದು. ನಗರದ ಪ್ರವಾಸೋದ್ಯಮ ಕಚೇರಿಯಲ್ಲಿದ್ದ ಆರ್ತುರೊ ಉರಿಬೆ ಅರಾಂಗೊ ಎಂಬವರ ಪ್ರಯತ್ನದಿಂದ ಸಾಂತಾ ಎಲೇನಾದ ಸುಮಾರು 40 ಮಂದಿ ಹೂ ಹೊತ್ತು ಬೀದಿಯಲ್ಲಿ ನಡೆದರು. ಮರುವರ್ಷದಿಂದ ಅದು ಆಗಸ್ಟಿಗೆ ಬಂತು. ಮೆಡೆಯಿನ್ ರಾಜಧಾನಿಯಾಗಿರುವ ಆಂತಿಯೋಕಿಯಾ ಪ್ರಾಂತ್ಯ 1813ರ ಆಗಸ್ಟ್ 11ರಂದು ತಾನು ಸ್ವತಂತ್ರ ಎಂದು ಸಾರಿತ್ತು, ಅದರ ನೆನಪಿಗೆ. ಈಗ ನಡೆಯುವವರು 500ಕ್ಕೂ ಹೆಚ್ಚು. 2003ರಲ್ಲಿ ದೇಶದ ಸಂಸತ್ತು ಈ ಪರಂಪರೆಯನ್ನು ರಾಷ್ಟ್ರದ ಸಾಂಸ್ಕೃತಿಕ ಆಸ್ತಿಯೆಂದು ಕಾನೂನು ಮಾಡಿತು. ಮೆರವಣಿಗೆಯಲ್ಲಿ ಯಾರು ಬೇಕಾದರೂ ಸೇರುವಂತಿಲ್ಲ; ಜಾಗ ಮನೆತನದಲ್ಲೇ ತಾಯಿಯಿಂದ ಮಗಳಿಗೆ, ಅಜ್ಜನಿಂದ ಮೊಮ್ಮಗನಿಗೆ ಇಳಿಯುತ್ತದೆ.

ಬೆಳಗಾಗುತ್ತಲೇ ಲಾರಿಗಳು ಬಂದವು. ಹೂವು ನಲುಗದಂತೆ ಸಿಯೆತಾಗಳನ್ನು ಏರಿಸಿ ಕಣಿವೆಗೆ ಇಳಿಸುವುದೇ ಒಂದು ವಿದ್ಯೆ.

ಮಧ್ಯಾಹ್ನದ ಹೊತ್ತಿಗೆ ನಗರದಲ್ಲಿ ಕಾಲಿಡಲು ಜಾಗವಿರಲಿಲ್ಲ. ರಸ್ತೆಯ ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಆಸನಗಳು, ಅವುಗಳ ಹಿಂದೆ ಜನ, ಜನರ ಹಿಂದೆ ಏಣಿ ಇಟ್ಟು ಹತ್ತಿದ ಜನ. ಮುಂದೆ ವಾದ್ಯಮೇಳಗಳು, ಕುಣಿತದ ತಂಡಗಳು. ಅವು ಹಾದುಹೋಗುವವರೆಗೂ ಜನ ಹರಟೆ ಹೊಡೆಯುತ್ತ, ಜೋಳದ ರೊಟ್ಟಿ ಅರೇಪಾ ತಿನ್ನುತ್ತ ಕೂತಿದ್ದರು. ದೂರದಲ್ಲಿ ಮೊದಲ ಸಿಯೆತಾ ಕಂಡಿತು. ಇಡೀ ಬೀದಿ ಎದ್ದು ನಿಂತಿತು.

ಗಂಡಸರು ಬಿಳಿ ಅಂಗಿ, ಕಪ್ಪು ಪ್ಯಾಂಟು, ಹೆಗಲಿಗೆ ಚರ್ಮದ ಚೀಲ, ತಲೆಗೆ ಹುಲ್ಲಿನ ಟೋಪಿ. ಹೆಂಗಸರು ಕಸೂತಿ ರವಿಕೆ, ಕಪ್ಪು ಲಂಗ. ಎಲ್ಲರ ಕಾಲಲ್ಲೂ ನಾರಿನ ಚಪ್ಪಲಿ. ಭುಜಕ್ಕೆ ಎರಡು ಪಟ್ಟಿ, ಹಣೆಗೆ ಅಡ್ಡಲಾಗಿ ಒಂದು ಪಟ್ಟಿ. ಹೊರೆಯೆಲ್ಲ ಈ ಮೂರರ ಮೇಲೆ. ಎದುರಿನಿಂದ ನೋಡಿದರೆ ಬಾಗಿದ ಒಬ್ಬ ಮನುಷ್ಯ, ಬಿಗಿದ ಕತ್ತಿನ ನರ, ಬೆವರು. ಅವರು ದಾಟಿದ ಮೇಲೆ ಹಿಂದಿನಿಂದ ನೋಡಿದರೆ ಮನುಷ್ಯನೇ ಇಲ್ಲ: ಕಾಲು ಬಂದ ತೋಟವೊಂದು ನಡೆದು ಹೋಗುತ್ತಿದೆ. ಹೂವಿನ ಮುಖ ಬೆನ್ನ ಹಿಂದಕ್ಕೆ ಇರುವುದರಿಂದ ಬದಿಗೆ ನಿಂತವರು ‘ವುವೆಲ್ತಾ! ವುವೆಲ್ತಾ!’ ಎಂದು ಕೂಗುತ್ತಾರೆ, ತಿರುಗಿ ತಿರುಗಿ ಎಂದು. 70 ಕಿಲೋ ಹೊತ್ತ ಆಳು ನಿಂತು, ಕಾಲು ಸರಿಪಡಿಸಿಕೊಂಡು, ನಿಧಾನವಾಗಿ ಒಂದು ಸುತ್ತು ತಿರುಗುತ್ತಾನೆ. ಆಗ ಆ ಬಣ್ಣವೆಲ್ಲ ಒಮ್ಮೆಲೇ ನಿಮ್ಮ ಕಡೆಗೆ ತೆರೆದುಕೊಳ್ಳುತ್ತದೆ. ಜನ ಚಪ್ಪಾಳೆ ಹೊಡೆಯುತ್ತಾರೆ, ‘ವೀವಾ’ ಅನ್ನುತ್ತಾರೆ. ಅವನು ನಗುತ್ತಾನೆ. ಹತ್ತು ಹೆಜ್ಜೆ ನಡೆಯುವುದರೊಳಗೆ ಮತ್ತೆ ‘ವುವೆಲ್ತಾ!’ ಮತ್ತೆ ತಿರುಗುತ್ತಾನೆ. ಯಾರ ಕೋರಿಕೆಯನ್ನೂ ತಳ್ಳಿಹಾಕಿದ್ದು ನಾನು ಕಾಣಲಿಲ್ಲ.

ಸಿಯೆತೆರೊಗಳು ಹಾದುಹೋಗುವಾಗ ಹಾದುಹೋಗುತ್ತಿರುವುದು ಆಂತಿಯೋಕಿಯಾವೇ ಎಂದು ಅಲ್ಲಿನವರು ಹೇಳುವುದುಂಟು. ಧ್ವನಿವರ್ಧಕದಲ್ಲಿ ಆ ಮಾತು ಕೇಳಿದಾಗ ನನ್ನ ಪಕ್ಕದ ಮಧ್ಯವಯಸ್ಕರು ಕಣ್ಣೊರೆಸಿಕೊಂಡರು. ಆಮೇಲೆ ತಾವಾಗಿಯೇ ಮಾತಿಗಿಳಿದರು. 1991ರಲ್ಲಿ ಈ ನಗರದಲ್ಲಿ ಲಕ್ಷ ಜನಕ್ಕೆ 350ಕ್ಕೂ ಹೆಚ್ಚು ಕೊಲೆಗಳಾದವು; ಮಾದಕವಸ್ತುಗಳ ದಂಧೆ ಬೀದಿಬೀದಿಯನ್ನೂ ಸುಟ್ಟ ಕಾಲ ಅದು. “ಸಂಜೆಯಾದ ಮೇಲೆ ಅಮ್ಮ ಹೊರಗೆ ಬಿಡುತ್ತಿರಲಿಲ್ಲ. ಹೂವಿನ ದಿನ ಮಾತ್ರ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು,” ಎಂದರು. ನಂತರ 1995ರಲ್ಲಿ ಮೆಟ್ರೊ ಬಂತು, 2004ರಲ್ಲಿ ಬೆಟ್ಟದ ಬಡಾವಣೆಗಳಿಗೆ ತೂಗುತೊಟ್ಟಿಲ ಸಾರಿಗೆ ಬಂತು, ನಗರ ತನ್ನನ್ನು ತಾನು ಎತ್ತಿಕೊಂಡಿತು. ಜಗತ್ತಿಗೆ ಈ ಊರಿನ ಹೆಸರು ಇವತ್ತಿಗೂ ಒಬ್ಬ ಪಾತಕಿಯ ಹೆಸರಿನ ಜೊತೆಗೆ ನೆನಪಾಗುವುದು ನನಗೆ ಆ ಕ್ಷಣದಲ್ಲಿ ಸಹಿಸಲಾಗದ ಅನ್ಯಾಯವೆನಿಸಿತು. ಬೀದಿಯಲ್ಲಿ ನಡೆದುಬರುತ್ತಿದ್ದವರ ಹೆಸರು ಯಾಕೆ ನೆನಪಾಗಬಾರದು?

ಅಜ್ಜಿ ಬಂದಳು. ಕೂಗಿದೆ, ಕೇಳಿಸಿರಲಿಕ್ಕಿಲ್ಲ. ಕಣ್ಣು ನೆಟ್ಟಗೆ ಮುಂದಕ್ಕೆ, ಹೆಜ್ಜೆ ಚಿಕ್ಕದು, ಒಂದೇ ಸಮ. ರಾತ್ರಿ ಅವಳ ಕೈಯಲ್ಲಿ ನೋಡಿದ್ದ ಕಟ್ಟುಗಳು ಒಂದೂ ಕದಲಿರಲಿಲ್ಲ.

ಮರುದಿನ ಸಸ್ಯೋದ್ಯಾನದಲ್ಲಿ ಆರ್ಕಿಡ್ ಪ್ರದರ್ಶನ ನೋಡಿದೆ. ಮರದ ಪಟ್ಟಿಗಳ ಷಟ್ಕೋನಗಳು ಆಕಾಶಕ್ಕೆ ಹೂವರಳಿಸಿ ನಿಂತಂತಿರುವ ‘ಓರ್ಕಿದೆಯೋರಾಮಾ’ ಚಪ್ಪರದ ಕೆಳಗೆ ಅದು ನಡೆಯುತ್ತದೆ. 4,000ಕ್ಕೂ ಹೆಚ್ಚು ಜಾತಿಯ ಆರ್ಕಿಡ್‌ಗಳಿರುವ ದೇಶ ಇದು. ಚೆಂದವೇ ಚೆಂದ. ಆದರೂ ಗಾಜಿನ ಪಾತ್ರೆಯಲ್ಲಿ ನಿಂತ ಹೂವಿಗೆ ನನ್ನ ಮನಸ್ಸು ಆ ದಿನ ಪೂರ್ತಿ ಒಲಿಯಲಿಲ್ಲ.

ಅದರ ಹಿಂದಿನ ದಿನ, ಮೆರವಣಿಗೆ ಮುಗಿದ ಕಡೆ ಲಾರಿಗಳ ನೆರಳಿನಲ್ಲಿ ಆ ಮನೆಯವರನ್ನು ಹುಡುಕಿ ಹಿಡಿದಿದ್ದೆ. ಅಜ್ಜಿಯ ಹಣೆಯ ಮೇಲೆ ಪಟ್ಟಿಯ ಗುರುತು ಕೆಂಪಗೆ ಕೂತಿತ್ತು. ಮಕ್ಕಳು ಬಹುಮಾನದ ಲೆಕ್ಕದಲ್ಲಿದ್ದರೆ ಆಕೆ ಜಮೀನಿನ ಮಾತು ತೆಗೆದಳು. ವಿದೇಶಗಳಿಗೆ ಹೂವು ಕಳಿಸುವುದರಲ್ಲಿ ಜಗತ್ತಿನಲ್ಲಿ ನೆದರ್ಲೆಂಡ್ಸ್ ಬಿಟ್ಟರೆ ಕೊಲಂಬಿಯಾವೇ ಮುಂದು. ಆದರೆ ಆ ವ್ಯಾಪಾರ ನಡೆಯುವುದು ದೊಡ್ಡ ಪಾಲಿಹೌಸುಗಳಲ್ಲಿ. ಸಾಂತಾ ಎಲೇನಾದ ತುಂಡು ಹೊಲಗಳಲ್ಲಿ ಈಗ ನಗರದವರ ವಾರಾಂತ್ಯದ ಮನೆಗಳು ಏಳುತ್ತಿವೆ. ಬೇಲಿಯಾಚೆಯವರು ಮಾರಿಯಾಯಿತು, ನಮ್ಮನ್ನೂ ಕೇಳುತ್ತಿದ್ದಾರೆ ಎಂದಳು. ಮಾರುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳೇ ಹೇಳಿದಳು: ಅಜ್ಜಿಯ ಜಾಗ ನನಗೆ ಬರುತ್ತದೆ, ನಾನು ನರ್ಸಿಂಗ್ ಓದುತ್ತಿದ್ದೇನೆ, ಆದರೂ ಹೊರುತ್ತೇನೆ.

ಹೊರಡುವಾಗ ಅಜ್ಜಿ ನನ್ನ ಕೈ ಬಿಡದೆ ಏನೋ ಹೇಳಿದಳು. ಕಾಲೇಜು ಹುಡುಗಿ ನಗುತ್ತ ಅದನ್ನು ದಾಟಿಸಿದಳು: “ಇನ್ನೊಂದು ಸಲ ಬಂದರೆ ಮೇ ತಿಂಗಳಲ್ಲಿ ಬನ್ನಿ, ಗ್ಲಾಡಿಯೋಲಸ್ ಗಡ್ಡೆ ನೆಡುವಾಗ. ಆಗ ನೋಡೋಕೆ ಯಾರೂ ಬರೋದಿಲ್ಲ. ಒಬ್ಬ ಆಳು ಹೆಚ್ಚಿಗೆ ಇದ್ದರೆ ನಮಗೂ ಅನುಕೂಲ.” ಬರುತ್ತೇನೆ ಎಂದೆ. ಯಾವ ವಾರ ನೆಡುತ್ತೀರಿ ಎಂದೂ ಕೇಳಿ ಬರೆದುಕೊಂಡೆ.