ಬೀಸುಕಲ್ಲಿನ ಎರಡು ಮುಖ

ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆ. ದೂರದಿಂದ, ಸರಿಯಾದ ಕಡೆ ನಿಂತು ನೋಡಿದರೆ ಹಣೆ, ಮೂಗು, ಗದ್ದ, ಎದೆ ಎಲ್ಲವೂ ಕಾಣುತ್ತವೆ. ಹತ್ತಿರ ಹೋದರೆ ಬರೀ ಬಂಡೆಗಳ ರಾಶಿ. ಸ್ಕ್ಯಾನರ್‌ನ ಕಷ್ಟವೂ ಇಂಥದ್ದೇ. ಒಂದು ಕಡೆ ನಿಂತರೆ ಅದಕ್ಕೆ ಒಂದೇ ಮುಖ ಸಿಗುತ್ತದೆ. ಇಡೀ ವಸ್ತು ಬೇಕೆಂದರೆ ಸುತ್ತಲೂ ತಿರುಗಿ ಹಲವು ಸಲ ಸ್ಕ್ಯಾನ್ ಮಾಡಿ, ಆಮೇಲೆ ಆ ಮುಖಗಳನ್ನು ಒಂದಕ್ಕೊಂದು ಕೂಡಿಸಬೇಕು.

ನನಗೆ ಈ ಕೆಲಸ ಬಿದ್ದದ್ದು ಆಯಿಯ ಬೀಸುಕಲ್ಲಿನಿಂದಾಗಿ. ಮುದನಾಳದ ಹಳೆಯ ಮನೆ ಪಾಲಾಗಿ, ಕೆಡವುವುದೆಂದು ನಿಶ್ಚಯವಾಗಿತ್ತು. ಕಲ್ಲು ಯಾರ ಪಾಲಿಗೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಬೆಂಗಳೂರಿನ ಮೂರನೇ ಮಹಡಿಯ ನನ್ನ ಕೋಣೆಗೆ ಅದನ್ನು ಹೊರುವವರಾರು? ಗೆಳೆಯನ ಸ್ಕ್ಯಾನರ್ ಎರವಲು ತಂದೆ.

ಮುಖಗಳನ್ನು ಕೂಡಿಸುವ ಪ್ರಸಿದ್ಧ ವಿಧಾನವೊಂದನ್ನು ಪಾಲ್ ಬೆಸ್ಲ್ ಮತ್ತು ನೀಲ್ ಮೆಕೇ 1992ರಲ್ಲಿ ಪ್ರಕಟಿಸಿದರು. ಹೆಸರು ಐಸಿಪಿ. ಒಂದು ಸ್ಕ್ಯಾನಿನ ಪ್ರತಿ ಬಿಂದುವಿಗೂ ಇನ್ನೊಂದರಲ್ಲಿ ಅತಿ ಹತ್ತಿರದ ಬಿಂದು ಯಾವುದೆಂದು ಹುಡುಕು, ಆ ದೂರಗಳು ಒಟ್ಟಾರೆ ಕಡಿಮೆಯಾಗುವಂತೆ ಇಡೀ ತುಂಡನ್ನು ತುಸು ಸರಿಸು, ತುಸು ತಿರುಗಿಸು, ಮತ್ತೆ ಹುಡುಕು. ಕತ್ತಲಲ್ಲಿ ಡಬ್ಬಿಗೆ ಮುಚ್ಚಳ ತಿರುಗಿಸಿ ಕೂರಿಸಿದ ಹಾಗೆ. ಆದರೆ ಮುಚ್ಚಳ ಮೊದಲೇ ಡಬ್ಬಿಯ ಬಾಯಿಯ ಆಸುಪಾಸಿನಲ್ಲಿರಬೇಕು. ಆರಂಭವೇ ದೂರವಿದ್ದರೆ ಅದು ಯಾವುದೋ ತಪ್ಪು ಜಾಗದಲ್ಲಿ ನೆಮ್ಮದಿಯಾಗಿ ನಿಂತುಬಿಡುತ್ತದೆ. ಈ ಮೊದಲ ಅಂದಾಜು ಕೊಡಲು ಈಗ ಬೇರೆ ವಿಧಾನಗಳಿವೆ. ನನಗೆ ಮಾತ್ರ ಅದನ್ನು ಕೈಯಿಂದಲೇ ಕೊಡುವುದು ಇಷ್ಟ.

ಬೀಸುಕಲ್ಲು ದುಂಡು. ದುಂಡಾದದ್ದನ್ನು ಯಾವ ಕೋನಕ್ಕೆ ತಿರುಗಿಸಿದರೂ ದೂರದ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಕಲ್ಲಿನ ಮೇಲ್ಮೈ ಸ್ಕ್ಯಾನುಗಳು ಒಂದರ ಮೇಲೊಂದು ಜಾರುತ್ತಲೇ ಇದ್ದವು. ಹಿಡಿದು ನಿಲ್ಲಿಸಿದ್ದು ಎರಡು ಊನ: ಅಂಚಿನಲ್ಲಿ ಎಂದೋ ಹಾರಿದ ಚಕ್ಕೆ, ಒಂದು ಬದಿಗೆ ಸವೆದ ಗೂಟದ ತೂತು.

ಕಲ್ಲನ್ನು ಮಗುಚಿದ ಮೇಲೆ ಬೇರೆಯೇ ತೊಡಕು. ಮೇಲ್ಮೈ ಕೆಳಮೈಗಳಿಗೆ ಸಾಮಾನ್ಯವಾದ ಜಾಗವೇ ಇಲ್ಲ; ಹೊಂದಾಣಿಕೆ ಮಾಡುವುದಾದರೂ ಯಾವುದನ್ನು? ಸನ್ನತಿಯ ಅಶೋಕನ ಶಾಸನ ನೆನಪಾಯಿತು. ಭೀಮೆಯ ದಂಡೆಯ ಆ ಚಪ್ಪಡಿಯ ಎರಡೂ ಬದಿಗೆ ಬರಹವಿದೆ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅದು ಕಾಳಿಯ ಮೂರ್ತಿಗೆ ಪೀಠವಾಗಿತ್ತು. ಮೂರ್ತಿ ಕೂರಿಸಲು ನಡುವೆ ಕೊರೆದ ತೂತು ಅಕ್ಷರಗಳನ್ನು ತಿಂದುಹಾಕಿದೆ. ಓದುವವರಿಗೆ ಅದು ನಷ್ಟ. ಆದರೆ ಆ ಚಪ್ಪಡಿಯನ್ನು ಸ್ಕ್ಯಾನ್ ಮಾಡುವವನು ಎರಡು ಬದಿಗಳನ್ನು ಕೂಡಿಸಲು ಆಸರೆ ಹುಡುಕುವುದು ಅಂಚಿನಲ್ಲಿ ಮತ್ತು ಅಂಥ ತೂತಿನ ಗೋಡೆಯಲ್ಲೇ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಅಲ್ಲಿನ ಸುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರವೂ ಪರದೆಯ ಮೇಲೆ ಓರೆ ಬೆಳಕಿಗೆ ಎದ್ದು ಕಾಣುತ್ತದೆ.

ನಾನೂ ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ಜೋಳ ಸುರಿಯುವ ಬಾಯಿಯ ಒಳಗೋಡೆಯನ್ನು ಎರಡೂ ಕಡೆಯಿಂದ ಹಿಡಿದೆ. ಆ ಬಾಯಿಯೂ ದುಂಡೇ, ಹಾಗಾಗಿ ಮತ್ತೆ ಅಂಚಿನ ಚಕ್ಕೆಯೇ ಬೇಕಾಯಿತು. ಮಗುಚಲು ಕೈಕೊಟ್ಟ ತಮ್ಮ ಪರದೆ ನೋಡಿ, "ಹಿಟ್ಟು ಬೀಳ್ತದೇನು ಇದರಾಗ?" ಅಂದ. ಕೆಳಮೈಯ ಉಳಿಗುರುತುಗಳ ನಡುವೆ ಇನ್ನೂ ಹಿಟ್ಟಿತ್ತು. ಸ್ಕ್ಯಾನರ್ ಅದನ್ನೂ ಕಲ್ಲೆಂದೇ ಬರೆದುಕೊಂಡಿದೆ.