ತಾತನ ಫೋಟೋದ ಹಾರ

ನಮ್ಮ ನಡುಮನೆಯಲ್ಲಿ ತಾತನ ಫೋಟೋ ಇದೆ. ಅದಕ್ಕೆ ಅಜ್ಜಿ ಜಾತ್ರೆಯಿಂದ ತಂದ ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ್ದಾರೆ. ಪ್ಲಾಸ್ಟಿಕ್ ಹೂವು ಬಾಡುವುದಿಲ್ಲ, ಅದಕ್ಕೇನು ಕೆಲಸ ಎಂದು ನಾನು ತಿಳಿದಿದ್ದೆ. ಆದರೆ ಒಲೆಯ ಹೊಗೆ, ದೀಪದ ಎಣ್ಣೆಜಿಡ್ಡು, ಬೀದಿಯ ಧೂಳು ಎಲ್ಲಾ ಸೇರಿ ಬಿಳಿ ಹೂವು ಕಂದು ಬಣ್ಣಕ್ಕೆ ತಿರುಗಿತ್ತು.

ಹೋದ ವರ್ಷ ಪಿತೃಪಕ್ಷಕ್ಕೆ ಮನೆ ತೊಳೆಯುವಾಗ, ಅಜ್ಜಿಗೆ ಖುಷಿಯಾಗಲಿ ಅಂತ ನಾನೇ ಹಾರ ಇಳಿಸಿದೆ. ಬೇಗ ಬೆಳ್ಳಗಾಗಲಿ ಎಂದು ಹಂಡೆಯ ಕುದಿಯುವ ನೀರು ಸುರಿದೆ. ಎಸಳುಗಳು ಮೆತ್ತಗಾಗಿ ಮುದುಡಿಕೊಂಡವು. ನನ್ನ ಎದೆ ಧಸಕ್ಕೆಂದಿತು. ಹಾರವನ್ನು ಸೌದೆ ಹಿಂದೆ ಬಚ್ಚಿಟ್ಟೆ. ಅಜ್ಜಿ ಕೇಳಿದಾಗ "ಗೊತ್ತಿಲ್ಲ" ಅಂದೆ. ರಾತ್ರಿ ಊಟ ಸೇರಲಿಲ್ಲ. ಕೊನೆಗೆ ಅಳುತ್ತಾ ಹೇಳಿಬಿಟ್ಟೆ.

ಅಜ್ಜಿ ಬಯ್ಯಲಿಲ್ಲ. "ಹೋಗ್ಲಿ ಬಿಡು ಮಗ, ಅರ್ಧ ಚೆನ್ನಾಗೈತೆ" ಅಂದು ಕೆಟ್ಟ ಹೂಗಳನ್ನು ತೆಗೆದು ಉಳಿದವನ್ನು ಮತ್ತೆ ಪೋಣಿಸಿದರು.

ತೊಳೆಯುವ ಕ್ರಮವನ್ನು ಅಮ್ಮ ತೋರಿಸಿದರು. ಮೊದಲು ಒಣಬಟ್ಟೆಯಿಂದ ಧೂಳು ಕೊಡವಬೇಕು. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪಿನ ಪುಡಿ ಕದಡಿ ನೆನೆಸಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ತಣ್ಣೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಬೇಕು. ಬಿಸಿಲಲ್ಲೇ ಬಿಟ್ಟರೆ ಬಣ್ಣ ಹೋಗಿ ಎಸಳು ಪೆಡಸಾಗುತ್ತದೆ. ಅದಕ್ಕೆ ಸೂರ್ಯನ ನೇರಳಾತೀತ ಕಿರಣ ಕಾರಣ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು.

ಈಗ ತಿಂಗಳಿಗೊಮ್ಮೆ ನಾನೇ ತೊಳೆಯುತ್ತೇನೆ. ಹಾರ ಗಿಡ್ಡವಾಗಿದೆ, ಫೋಟೋದ ಅರ್ಧಕ್ಕೇ ಬರುತ್ತದೆ. ನೋಡಿದಾಗಲೆಲ್ಲ ನಾನು ಹೇಳಿದ ಸುಳ್ಳು ನೆನಪಾಗುತ್ತದೆ.

ಗೆಳೆಯರೇ, ಪ್ಲಾಸ್ಟಿಕ್ ಹೂವಿಗೆ ಕುದಿಯುವ ನೀರು ಹಾಕಬೇಡಿ. ತಪ್ಪಾದರೆ ಆಗಲೇ ಹೇಳಿಬಿಡಿ.