ನೀರಿನ ಪಾಳಿ, ಬಯಲಾಟ ಮತ್ತು ಮಗನ ಮೊಬೈಲ್ ಆಟ

ಈ ಸಲ ಗೊಬ್ಬರ, ಎಣ್ಣೆ ವಿಷಯ ಅಲ್ಲ. ಮೊನ್ನೆ ರಾತ್ರಿ ನೀರು ಕಟ್ಟಾಕ ಹೋದಾಗ ಬಂದ ಮಾತು.

ನಮ್ಮದು ಸಿರುಗುಪ್ಪ ಕಡೆ, ಎಲ್‌ಎಲ್‌ಸಿ ಕಾಲುವೆಯ ಕೆಳಭಾಗದ ಗದ್ದೆ. ಪಾಳಿ ಬಂದದ್ದು ರಾತ್ರಿ ಒಂದು ಗಂಟೆಗೆ. ಬಳ್ಳಾರಿಯಾಗ ಡಿಗ್ರಿ ಓದೋ ಮಗ ರಜೆಗೆ ಬಂದಿದ್ದ, ಜೊತೆಗೆ ಕರ್ಕೊಂಡು ಹೋಗಿದ್ದೆ. ನಾನು ಬದುವಿಗೆ ಮಣ್ಣು ಹಾಕ್ತಿದ್ರೆ ಅವನು ಮೊಬೈಲಿನಾಗ ಬರೀತಾನೇ ಇದ್ದ. ಒಮ್ಮೆಲೆ ಸಿಟ್ಟಿಗೆದ್ದ.

"ಏನಾತಲೇ?" ಅಂದೆ.

"ಆಟ ಅಪ್ಪ. ಒಬ್ಬೊಬ್ರು ಒಂದೊಂದು ಪಾತ್ರ ಹಿಡಿದು ಬರೀತೀವಿ. ನಾನು ಒಬ್ಬ ಸೇನಾಪತಿ. ಎದುರಿನವ ‘ಸೇನಾಪತಿ ಕತ್ತಿ ಕೆಳಗಿಟ್ಟು ನನ್ನ ಕಾಲಿಗೆ ಬಿದ್ದ’ ಅಂತ ಬರೆದುಬಿಟ್ಟಾನ. ಅವನು ಕತ್ತಿ ಬೀಸಿದೆ ಅಂತ ಬರೀಬಹುದು. ನಾನು ಬಿದ್ದೆನೋ ತಪ್ಪಿಸಿಕೊಂಡೆನೋ ನಾನೇ ಬರೀಬೇಕು. ಅದು ನಿಯಮ."

ಇಂಥ ಆಟ ಹೊಸದಲ್ಲ. 1978ರಲ್ಲೇ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಾಗ ಇಬ್ಬರು ಹುಡುಗರು ‘ಮಡ್’ ಅಂತ ಬರೀ ಅಕ್ಷರದ ಆಟ ಶುರು ಮಾಡಿದ್ರು. ಅಮೆರಿಕದ ‘ಲ್ಯಾಂಬ್ಡಾಮೂ’ ಅನ್ನೋ ಇಂಥದೇ ಜಾಗದಾಗ ಒಬ್ಬ ಬೇರೆಯವರ ಪಾತ್ರಗಳ ಹೆಸರಿನ ಮೇಲೆ ತಾನೇ ಹೊಲಸು ಬರೆದ. ಅವರೇ ಮಾಡಿದಂಗ ಎಲ್ಲರಿಗೂ ಕಾಣಿಸ್ತು. 1993ರಲ್ಲಿ ಜೂಲಿಯನ್ ಡಿಬ್ಬೆಲ್ ಅನ್ನೋ ಪತ್ರಕರ್ತ ಇದನ್ನ ಬರೆದು ಲೋಕಕ್ಕೆ ತಿಳಿಸಿದ. ಇದ್ದದ್ದು ಬರೀ ಅಕ್ಷರ, ಆದ್ರೆ ನೊಂದ ಹೆಣ್ಣುಮಗಳ ಕಣ್ಣೀರು ಖರೇವು. ಅಲ್ಲಿನವರು ಸೇರಿ ಚರ್ಚೆ ಮಾಡಿದ ಮ್ಯಾಲೆ ಅವನನ್ನ ಹೊರಗೆ ಹಾಕಿದ್ರು. ಆಮೇಲೆ ಎಲ್ಲರೂ ಮತ ಹಾಕಿ ತೀರ್ಮಾನ ಮಾಡೋ ಪದ್ಧತಿ ತಂದ್ರು.

ಮಗನ ಮಾತು ಕೇಳಿ ನನಗ ನಮ್ಮ ಬಯಲಾಟ ನೆನಪಾತು. ನಮ್ಮಲ್ಲೂ ಅದೇ ನಿಯಮ ಅಲ್ಲೇನ್ರಿ? ಪಾತ್ರ ರಂಗಕ್ಕೆ ಬಂದ್ರೆ ಸಾರಥಿ "ತಾವು ಯಾರು?" ಅಂತ ಕೇಳ್ತಾನ. ತನ್ನ ಪರಿಚಯ ಪಾತ್ರಧಾರಿನೇ ಹೇಳ್ಕೋಬೇಕು. ಗದೆ ಗದೆಗೆ ತಾಗಬೇಕು, ಮೈಗಲ್ಲ. ಸೋಲೋ ಪಾತ್ರಕ್ಕೂ ಅವನ ಪದ, ಅವನ ಕುಣಿತ ಪೂರಾ ಆಗಬೇಕು.

ಈ ನಿಯಮ ನಾನು ಮುರಿದವನು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಮ್ಮೂರಾಗ ಕುರುಕ್ಷೇತ್ರ ಹಚ್ಚಿದ್ದ ವರ್ಷ. ಕಲಿಸಾಕ ಕುರುಗೋಡು ಕಡೆಯಿಂದ ಮಾಸ್ತರ್ ಬಂದಿದ್ರು. ನಾನು ಭೀಮ. ದುರ್ಯೋಧನ ನಮ್ಮ ಮೇಲಿನ ಗದ್ದೆಯವನು. ಆ ಬೆಳೆಗೆ ನನಗ ನೀರೇ ಬಂದಿರಲಿಲ್ಲ, ಪೈರು ತೆನೆಗೆ ಬರೋ ಹೊತ್ತಿಗೆ ಒಣಗಿತ್ತು. ಅವನೇ ತೂಬು ಕಟ್ಟಿಕೊಂಡಾನ ಅಂತ ನನ್ನ ಲೆಕ್ಕ. ದುರ್ಯೋಧನ ಸರೋವರದಾಗ ಅಡಗಿದ ಸನ್ನಿವೇಶ ಬಂತು. ಮಾಸ್ತರ್ ಕಲಿಸಿದ್ದು ಬಿಟ್ಟು, "ಎಲಾ ನೀರುಗಳ್ಳಾ, ಊರ ಮಂದಿ ನೀರು ಕದ್ದವನೇ, ಹೊರಗೆ ಬಾ!" ಅಂದೆ. ಜನ ಸಿಳ್ಳೆ ಹೊಡೆದ್ರು. ಮತ್ತೆ ಮೂರು ಸಲ ಅಂದೆ. ಅವನ ಮಾತಿನ್ಯಾಗ ಇದಕ್ಕೆ ಉತ್ತರ ಇರಲಿಲ್ಲ. ಕಲಿತದ್ದನ್ನ ಹೇಳಿದ, ಧ್ವನಿ ನಡುಗಿತು, ಬಿದ್ದ.

ಬಣ್ಣ ತೆಗೆಯೋವಾಗ ಮಾಸ್ತರ್ ಬಂದು, "ಭೀಮನ ಬಾಯಾಗ ನಿನ್ನ ಜಗಳ ಆಡಿದೆ. ಅವನಿಗೆ ತಿರುಗಿ ಮಾತಾಡಾಕ ಜಾಗ ಎಲ್ಲಿತ್ತು?" ಅಂದ್ರು. "ಆಟದ ಮಾತು ಬಿಡ್ರಿ" ಅಂದೆ ನಾನು.

ಬ್ಯಾಸಿಗ್ಯಾಗ ಕಾಲುವೆ ಬಂದ್ ಆದಾಗ ಹೂಳು ತೆಗೆದ್ವಿ. ಅವನ ಗದ್ದೆಗಿಂತ ಕೆಳಗೆ ಪೈಪಿನ್ಯಾಗ ಜಾಲಿ ಬೇರು, ಹೂಳು ಗಟ್ಟಿಯಾಗಿ ಕೂತಿತ್ತು. ನೀರು ನಿಂತದ್ದು ಅಲ್ಲಿ. ಅವನು ಕದ್ದಿರಲಿಲ್ಲ. ಗೊತ್ತಾದ ಮ್ಯಾಲೂ ನಾನು ಹೋಗಿ ಹೇಳಲಿಲ್ಲ. ಅವನು ಮುಂದ ಎಂದೂ ಬಣ್ಣ ಹಚ್ಚಲಿಲ್ಲ.

ಮಗ ತನ್ನ ಸೇನಾಪತಿ ಸಲುವಾಗಿ ಅಷ್ಟು ನೊಂದದ್ದು ನೋಡಿ, ನಿನ್ನೆ ಹೊತ್ತು ಏರೋದ್ರೊಳಗ ಅವನ ಮನಿಗೆ ಹೋದೆ. "ಅಣ್ಣ, ಆವತ್ತು ನಂದು ತಪ್ಪಾತು" ಅಂದೆ. ಚಾ ತರಿಸಿದ. ಬಾಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಆವತ್ತು ನನ್ನ ಮಗಳು ಮುಂದಿನ ಸಾಲಿನ್ಯಾಗ ಕೂತಿದ್ಲು. ‘ಅಪ್ಪಾ, ನೀನು ಖರೇನ ನೀರು ಕದ್ದಿಯೇನು?’ ಅಂತ ಕೇಳಿದ್ಲು."

ನನ್ನ ಹತ್ರ ಮಾತಿರಲಿಲ್ಲ. ಕ್ಷಮಿಸಿದೆ ಅಂತ ಅವನೂ ಅನ್ನಲಿಲ್ಲ. ಹೊರಡೋವಾಗ "ನಾಳೆ ನನ್ನ ಪಾಳಿ, ಮುಗಿದ ಕೂಡಲೆ ಫೋನ್ ಮಾಡ್ತೀನಿ" ಅಂದ, ಅಷ್ಟೇ.

ಜಾತ್ರೆಗೆ ಬಯಲಾಟ ಹಚ್ಚೋ ತಮ್ಮಂದಿರೇ, ಗದ್ದೆಯ ಜಗಳ ಗದ್ದೆಯಾಗೇ ಮಾತಾಡ್ರಿ. ಅಲ್ಲಿ ಎದುರಿನವನಿಗೂ ಬಾಯಿ ಇರತದ. ನಮ್ಮ ಪಾಳಿ ವಾಟ್ಸಾಪ್ ಗುಂಪಿಗೂ ಇದೇ ಮಾತು. ಅವನು ಏನು ಮಾಡಿದ ಅನ್ನೋದನ್ನ ಬರೆಯೋ ಮುಂಚೆ ಅವನನ್ನೇ ಒಂದು ಸಲ ಕೇಳ್ರಿ.